ಹಿಂದಿನ ಸೀಟಿನ ಎಡಮೂಲೆ

ಮುಂದಿನ ಸೀಟು ಯಾವಾಗಲೂ ಅತ್ತೆಯದು. ಮದುವೆಯಾದಾಗಿನಿಂದ ಗಂಡನ ಹಳೆಯ ಕಾರಿನ ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂತು ಕುಲುಕಿ ಕುಲುಕಿ ಅವಳ ಸೊಂಟ ಬಿದ್ದುಹೋಗಿತ್ತು.

ಈಗ ಅವನು ಹಿಂಬದಿಯ ಸ್ಪ್ರಿಂಗ್ ಪ್ಲೇಟುಗಳನ್ನೆಲ್ಲ ಬಿಚ್ಚಿ, ಕುಲುಮೆಯಲ್ಲಿ ಮತ್ತೆ ಬಾಗು ಕೊಡಿಸಿ ತಂದು, ಹೊಸ ರಬ್ಬರ್ ಬುಷ್ ಹಾಕಿ ತಾನೇ ಜೋಡಿಸಿದ್ದ.

ಅವಳು ಸೊಂಟ ಹಿಡಿದುಕೊಂಡೇ ಬಂದು ತನ್ನ ಮೂಲೆಯಲ್ಲಿ ಕೂತು ನೋಡಿದಳು. ಕಾರು ತೊಟ್ಟಿಲಿನಂತೆ ತೂಗಿತು.

"ಏನ್ ಮೆತ್ತಗಿದೆ ರೀ! ಅಂತೂ ನನ್ನ ನೋವು ನಿಮಗೆ ಗೊತ್ತಾಯ್ತಲ್ಲ."

ಅವನು ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಬಂಪರಿನ ಮಟ್ಟ ನೋಡುತ್ತಿದ್ದ.

"ಮೊದ್ಲು ಇಳಿ. ಭಾನುವಾರ ಹಳೇ ಕಾರುಗಳ ಪ್ರದರ್ಶನ ಇದೆ. ನೀನು ಕೂತೂ ಕೂತೇ ಈ ಕಡೆ ಪ್ಲೇಟು ಕುಸಿದಿದ್ದು."