ಹನ್ನೊಂದು ವರ್ಷದ ಹಿಡಿ

ಹನ್ನೊಂದು ವರ್ಷದ ಹಿಂದೆ, ಬೆರಳಿನ ಉಂಗುರದಿಂದಲೇ ಹೆಸರಾದ ಉಂಗುರದ ಯಜಮಾನರು ನಡುಬೀದಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಮಾತು ಕೊಟ್ಟಿದ್ದರು: ಬಂದೂಕು ರಿಪೇರಿಯಾಗಿ ಕೈಗೆ ಬಂದ ದಿನವೇ ತಮ್ಮನ ಎದೆಗೆ ಮೊದಲ ಗುಂಡು.

ಅಪ್ಪ ಬಿಟ್ಟುಹೋದ ಆ ಬಂದೂಕನ್ನು ಅಣ್ಣತಮ್ಮಂದಿರು ಆಚೀಚೆ ಎಳೆದಾಡಿ, ಭುಜಕ್ಕೆ ಆನಿಸುವ ಮರದ ಹಿಡಿ ಮುರಿದಿತ್ತು. ನಳಿಕೆ ಅಣ್ಣನಿಗೆ ಸಿಕ್ಕಿತು, ಮರದ ಚೂರು ತಮ್ಮನಿಗೆ. ನ್ಯಾಯವಾದ ಪಾಲು.

ಹೊಸ ಹಿಡಿಯ ಕೆಲಸ ಬೀದಿಯ ಬಂದೂಕು ರಿಪೇರಿ ಅಂಗಡಿಯ ಮೇಸ್ತ್ರಿಯ ಪಾಲಿಗೆ ಬಂತು. ಕೊಲೆ ಇಷ್ಟು ತಡವಾದದ್ದಕ್ಕೆ ಬೀದಿ ಬೈಯುತ್ತಿದ್ದದ್ದೂ ಅವನನ್ನೇ. ಶತ್ರುವಿಗೆ ದೀರ್ಘಾಯುಷ್ಯ ಬೇಕಾದರೆ ಬಂದೂಕನ್ನು ಈ ಅಂಗಡಿಗೆ ಕೊಡಿ ಎಂಬುದು ಹಳೇ ಜೋಕು. ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕದ ಬೀದಿಯ ಮಷೀನ್ ಪಾಲಿಶ್ ಅಂಗಡಿಗೆ ಜಾರಿದ್ದರು.

ಮೇಸ್ತ್ರಿಯ ಮಗಳಿಗೆ ಇದು ನುಂಗಲಾರದ ತುತ್ತು. ಅಪ್ಪನಿಂದಲೇ ಕಲಿತು ಅವಳು ನಲವತ್ತು ಹಿಡಿ ಮುಗಿಸಿದ್ದಳು. ಅಪ್ಪನದು ಮಾತ್ರ ಇದೊಂದರಲ್ಲೇ ಸಂಸಾರ. ಗಾಜಿನ ಚೂರಿನಿಂದ ಹೆರೆಯುವುದು, ಒದ್ದೆ ಬಟ್ಟೆ ಸವರಿ ಮರದ ನಾರು ಎಬ್ಬಿಸುವುದು, ಮತ್ತೆ ಹೆರೆಯುವುದು. ತುಕ್ಕು ಮೊಳೆ ನೆನೆಸಿಟ್ಟ ವಿನೆಗರ್ ಬಳಿದು ಬಣ್ಣ ಬರಿಸುವುದು, ಅಂಗೈ ಬಿಸಿಯಾಗುವ ತನಕ ಅಗಸೆ ಎಣ್ಣೆ ತಿಕ್ಕುವುದು.

ತಿಂಗಳ ಕೊನೆಗೆ ಯಜಮಾನರು ನಳಿಕೆಯನ್ನು ಬಟ್ಟೆಯಲ್ಲಿ ಸುತ್ತಿ ತರುವರು. ಹಿಡಿಯನ್ನು ಕಿಟಕಿಗೆ ಒಯ್ದು, ಎಲ್ಲರಿಗೂ ಬೆನ್ನು ತಿರುಗಿಸಿ, ಹಸುಗೂಸನ್ನು ಸವರುವಂತೆ ಸವರಿ ಗುಡುಗುವರು: "ಇದೇನ್ರೀ ಇದು? ಗೀರು." ಅಪ್ಪ ಗಾಜಿನ ಚೂರು ಎತ್ತಿಕೊಳ್ಳುವನು. ಗೀರು ಬಿದ್ದಲ್ಲಿ ಮಾತ್ರ ಬಳಿದರೆ ಬಣ್ಣ ಹೊಂದದು. ಇಡೀ ಹಿಡಿ ಹೆರೆಯಬೇಕು. ಹೀಗೆ ಸವೆದು ಸವೆದು ಈಗಿನದು ಮೂರನೆಯ ಹಿಡಿ. ಮೊದಲನೆಯದು ಸವೆದು ಅಮ್ಮನ ಲಟ್ಟಣಿಗೆಯಾಗಿತ್ತು.

ಈ ಸಲ ಅಪ್ಪ ಸೈಕಲ್ಲಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಮಗಳು ಹಿಡಿಗೆ ಕೈ ಹಾಕಿದಳು.

"ಅದನ್ನ ಮುಟ್ಬೇಡ," ಎಂದ ಅಪ್ಪ.

"ಗೀರೋದು ನೀನೇ ಅಂತ ಗೊತ್ತಪ್ಪ ನಂಗೆ. ಪಾಪ, ಚಿಕ್ಕ ಯಜಮಾನ್ರ ಜೀವ ಉಳಿಸ್ತಿದ್ದೀಯ."

"ಯಾರಾದ್ರೂ ಒಬ್ರು ಉಳಿಸ್ಬೇಕಲ್ಲಮ್ಮ."

"ಯಾರು ಸಾಯ್ತಾರೆ ಅಂತ ನೋಡ್ಕೊಂಡು ಕೂತ್ರೆ ಬಂದೂಕಿನ ಕೆಲಸ ಯಾಕೆ? ಲಟ್ಟಣಿಗೆ ಅಂಗಡಿ ಇಡೋಣ."

ಅಪ್ಪ ಗೋಡೆ ಕಡೆ ತಿರುಗಿ ಮಲಗಿದ.

ಅವಳು ಮೂರು ವಾರದಲ್ಲಿ ಮುಗಿಸಿದಳು. ಕೂದಲೆಳೆಯಷ್ಟೂ ಗೀರಿಲ್ಲದ ಹಿಡಿ. ಅಪ್ಪನ ಕೈಗೆ ಸಿಗದಂತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸುದ್ದಿ ಹಬ್ಬಿತು. ತಿಂಗಳ ಕೊನೆಗೆ ಬೀದಿಗೆ ಬೀದಿಯೇ ಅಂಗಡಿ ಮುಂದೆ ಸೇರಿತು, ಒಳ್ಳೆಯ ಜಾಗಕ್ಕೆ ಮೊದಲೇ ಬಂದವರೂ ಇದ್ದರು. ಎದುರು ಮನೆಯ ಬಾಗಿಲಲ್ಲಿ ಯಜಮಾನರ ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿ ಹಾಕಿಕೊಂಡು ಕೂತಿದ್ದರು.

"ಚಿಕ್ಕ ಯಜಮಾನ್ರೇ, ಶೇವ್ ಮಾಡ್ಲಾ?" ಎಂದ ಕಟಿಂಗ್ ಅಂಗಡಿಯವನು. "ಫೋಟೋ ಚೆನ್ನಾಗಿ ಬರ್ಬೇಕು."

"ಮಾಡಪ್ಪ. ಅವಸರ ಬೇಡ, ನಾಳಿದ್ದೂ ನಿನ್ ಹತ್ರಾನೇ ಬರ್ಬೇಕು."

ಉಂಗುರದ ಯಜಮಾನರು ಬಂದರು. ಹಿಡಿ ನೋಡಿದ್ದೇ ಅವರ ಮುಖ ಬಿಳಿಚಿತು.

"ಮೇಸ್ತ್ರಿ ಎಲ್ಲಿ?"

"ಮನೇಲಿ. ಇದು ನನ್ನ ಕೆಲಸ. ಒಪ್ಪಿದ್ರೆ ಕಾಲು ಗಂಟೇಲಿ ನಳಿಕೆ ಕೂರಿಸ್ತೀನಿ. ಎಲ್ಲಿ, ಈಗ ಗೀರು ಹುಡುಕಿ."

ಹೇಳುವಾಗ ಅವಳ ಕಣ್ಣು ಬೀದಿಯಾಚೆ ಹೋಯಿತು. ಚಿಕ್ಕ ಯಜಮಾನರು ಕ್ಷೌರದ ಕತ್ತಿಗೆ ಕತ್ತು ಎತ್ತಿ ಕೊಟ್ಟು ಕಣ್ಣು ಮುಚ್ಚಿದ್ದರು. ನೊರೆ ಮೆತ್ತಿದ ಆ ಕತ್ತು ನೋಡಿ ಅವಳಿಗೆ ಅನ್ನಿಸಿತು: ಅಪ್ಪನ ಮಾತು ಕೇಳಬೇಕಿತ್ತು. ಈಗಲಾದರೂ ಹೇಗಾದರೂ ಕೈ ಜಾರಿಸಿ ಒಂದು ಗೀರು ಎಳೆಯಬೇಕು.

ಯಜಮಾನರು ಅಷ್ಟರಲ್ಲಿ ಹಿಡಿಯನ್ನು ಕಿಟಕಿಗೆ ಒಯ್ದು ಬೆನ್ನು ತಿರುಗಿಸಿದ್ದರು. ಅವಳು ಓಡಿಹೋಗಿ ಪಕ್ಕದಲ್ಲಿ ನಿಂತಳು. ಹನ್ನೊಂದು ವರ್ಷದಲ್ಲಿ ಅಲ್ಲಿ ಯಾರೂ ನಿಂತಿರಲಿಲ್ಲ.

"ತುಂಬಾ ಚೆನ್ನಾಗ್ ಮಾಡಿದ್ದೀಯಮ್ಮ," ಎಂದರು ಅವರು, ಅವಳಿಗೆ ಮಾತ್ರ ಕೇಳುವಂತೆ. ಆಮೇಲೆ ಉಂಗುರದ ಹರಳನ್ನು ಅಂಗೈ ಕಡೆಗೆ ತಿರುಗಿಸಿ, ಹಿಡಿಯ ಉದ್ದಕ್ಕೂ ಒತ್ತಿ ಎಳೆದರು.

"ಇದೇನ್ರೀ ಇದು?" ಎಂದು ಬೀದಿಗೆ ಕೇಳುವಂತೆ ಗುಡುಗಿದರು. "ಗೀರು."

ಮೇಸ್ತ್ರಿಯ ಮಗಳು ಗಾಜಿನ ಚೂರು ಎತ್ತಿಕೊಂಡಳು.

ಯಜಮಾನರು ಆ ತಿಂಗಳೂ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.