ಬೀಟ್‌ರೂಟ್ ಚುಕ್ಕಿ

ಅಜ್ಜಿ ಇಟ್ಟ ಕಚಗುಳಿಗೆ ಕಿಲಕಿಲ ನಗುತ್ತಿದ್ದ ಸಂಗಮೇಶನ ದನಿ ನಡುವೆಯೇ ಕಡಿದುಹೋಯಿತು. ಅಡುಗೆಮನೆಯಲ್ಲಿದ್ದ ರಂಜನಾಳಿಗೆ ಮೊದಲು ಏನೂ ಅನಿಸಲಿಲ್ಲ. ಮಗ ಅತ್ತರೆ ಓಡಿಬರುತ್ತಿದ್ದಳು. ಸುಮ್ಮನಾದರೆ ಯಾವ ತಾಯಿ ಓಡುತ್ತಾಳೆ? ಅಷ್ಟರಲ್ಲಿ ಅತ್ತೆ ಮಾಲತೀಬಾಯಿಯ ಕೂಗು ಕೇಳಿಸಿತು.

"ರಂಜನಾ, ಲಗೂ ಬಾ. ಕೂಸಿಗಿ ಉಸರೇ ಬರವಲ್ತು."

ನಾಲ್ಕು ವರ್ಷದ ಹುಡುಗ ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಂಡು ನಿಂತಿದ್ದ. ಬಾಯಿ ತೆರೆದಿತ್ತು, ಅಳು ಇಲ್ಲ, ಕೆಮ್ಮಿಲ್ಲ. ಕಣ್ಣುಗುಡ್ಡೆ ಹೊರಬರುವಂತಿದ್ದವು. ಕೆಂಪು ಮೆತ್ತಿದ ತುಟಿಯ ಅಂಚು ಆಗಲೇ ನೀಲಿಗೆ ತಿರುಗುತ್ತಿತ್ತು.

"ಏನ್ ತಿನ್ಸಿದ್ರಿ ಅತ್ತಿ? ಮತ್ತ ಆ ಅಂಗಡಿ ಜೆಲ್ಲಿ ಕೊಟ್ರಿ?"

ಮಾಲತೀಬಾಯಿ ನೀರಿಗೆ ಓಡಿದರು. ಜಹೀರಾಬಾದಿನ ಬಸ್‌ಸ್ಟ್ಯಾಂಡಿನಿಂದ ಮೊಮ್ಮಗನಿಗೆಂದು ಅವರು ತರುತ್ತಿದ್ದ ಬಣ್ಣದ ಜೆಲ್ಲಿಯ ಸಲುವಾಗಿ ಹಿಂದಿನ ವಾರವಷ್ಟೇ ಅತ್ತೆ ಸೊಸೆಯ ನಡುವೆ ಮಾತಿಗೆ ಮಾತು ಬೆಳೆದಿತ್ತು. ಈಗ ಅವರು ನೀರಿನ ಲೋಟ ತಂದು ಮಗುವಿನ ಬಾಯಿಗೆ ಹಿಡಿಯಹೋದರು. "ಬ್ಯಾಡ್ರಿ, ನೀರ್ ಹಾಕಬ್ಯಾಡ್ರಿ," ಎಂದು ರಂಜನಾ ಆ ಕೈ ತಳ್ಳಿದ ರಭಸಕ್ಕೆ ಲೋಟ ಉರುಳಿತು.

ಎಂದೋ ಅಂಗನವಾಡಿಯಲ್ಲಿ ಗೊಂಬೆಯೊಂದನ್ನು ಹಿಡಿದು ತೋರಿಸಿದ್ದು ಅವಳ ಕೈಗೆ ನೆನಪಾಯಿತು. ಕುಸಿದು ಕೂತು, ಮಗನನ್ನು ತೊಡೆಯ ಮೇಲೆ ಬೋರಲಾಗಿ ಹಾಕಿಕೊಂಡು, ತಲೆ ಕೆಳಗೆ ಮಾಡಿ ಬೆನ್ನಿಗೆ ಅಂಗೈಯಿಂದ ಹೊಡೆದಳು. ಮತ್ತೆ ಹೊಡೆದಳು. ಸಣ್ಣ ಬೆನ್ನು, ಎಲುಬು ಕೈಗೆ ಹತ್ತುತ್ತಿದ್ದವು. ಝಾಡಿಸುತ್ತಿದ್ದ ಕಾಲುಗಳು ಮೆಲ್ಲಗೆ ಸೋಲತೊಡಗಿದವು. "ಝರಾಸಂಗಮದ ಸಂಗಮೇಶ್ವರಾ, ನಿನ್ನ ಹೆಸರಿಟ್ಟ ಕೂಸಪ್ಪಾ," ಎಂದು ಮಾಲತೀಬಾಯಿ ಗೋಡೆಗೆ ಆತು ಗೊಣಗುತ್ತಿದ್ದರು. ರಂಜನಾ ಹಲ್ಲು ಕಚ್ಚಿ, ಇದ್ದ ಶಕ್ತಿಯನ್ನೆಲ್ಲ ಕೈಗೆ ತಂದುಕೊಂಡು ಇನ್ನೊಮ್ಮೆ ಹೊಡೆದಳು.

ಏನೋ ನೆಲಕ್ಕೆ ಬಿತ್ತು. ಹುಡುಗ ಕೊರಕೊರ ಉಸಿರೆಳೆದ, ಕೆಮ್ಮಿದ, ವಾಂತಿ ಮಾಡಿಕೊಂಡ. ಆಮೇಲೆ ತಾಯಿಯ ಕೊರಳಿಗೆ ಜೋತುಬಿದ್ದ.

ನೆಲದ ಮೇಲೆ ಬಿದ್ದದ್ದನ್ನು ಅವಳು ಆಗ ನೋಡಿದಳು. ನಕ್ಷತ್ರದಾಕಾರದ ಕಡುಗೆಂಪು ಚುಕ್ಕಿ. ಐದು ಮೂಲೆಯೂ ಹಾಗೇ ಇದ್ದವು, ಹಲ್ಲಿನ ಗುರುತೂ ಇರಲಿಲ್ಲ. ಅಂಗಡಿಯದಲ್ಲ. ತರಕಾರಿ ಕಂಡರೆ ಮುಖ ತಿರುಗಿಸುವ ಮಗನಿಗೆಂದು ಅವಳೇ ಬೀಟ್‌ರೂಟ್, ಗಜ್ಜರಿ ಬೇಯಿಸಿ ಅರೆದು, ಮೋಸಂಬಿ ರಸ ಕೂಡಿಸಿ, ಗಟ್ಟಿಯಾಗಲೆಂದು ಚೈನಾ ಗ್ರಾಸ್ ಪುಡಿ ಹಾಕಿ ಕುದಿಸಿ, ಅಚ್ಚಿಗೆ ಹೊಯ್ದು ಮಾಡಿದ ಗಮ್ಮಿ ಮಿಠಾಯಿ. ಮೊದಲ ಸಲ ಮೆತ್ತಗಾಗಿ ಒಡೆದುಹೋಗಿದ್ದವೆಂದು ಈ ಸಲ ಪುಡಿ ಇಮ್ಮಡಿ ಹಾಕಿದ್ದಳು. ಅದು ರಬ್ಬರಿನಂತೆ ಗಟ್ಟಿಯಾಗಿತ್ತು.

"ಡಬ್ಬಿ ಅವನೇ ತಂದ," ಮಾಲತೀಬಾಯಿ ಮೆಲ್ಲಗೆ ಅಂದರು. "ನೀ ಮಾಡಿದ್ದು ಅಂತ ನಾ ಸುಮ್ನಿದ್ದೆ."

ರಂಜನಾಳ ಬಾಯಿಂದ "ಅತ್ತಿ" ಎಂಬಷ್ಟೇ ಹೊರಬಂತು. ಅಷ್ಟರಲ್ಲೇ ಇನ್ನೊಂದು ನೆನಪು ನುಗ್ಗಿತು. ಮುಂಜಾನೆ ಇದೇ ಚುಕ್ಕಿಗಳ ಇನ್ನೊಂದು ಡಬ್ಬಿಯನ್ನು ಓಣಿಯ ಆ ತುದಿಯ ಜಗದೇವಿಯ ಕೈಗೆ ಕೊಟ್ಟು ಬಂದಿದ್ದಳು. ಜಗದೇವಿಯ ಮೊಮ್ಮಗಳಿಗೆ ಎರಡು ವರ್ಷ ಕೂಡ ತುಂಬಿಲ್ಲ. "ಜಗದೇವಿ ಮನಿಗೂ ಇವನ್ನೇ ಕೊಟ್ಟೀನ್ರಿ," ಅಂದಳು.

"ಓಡು," ಸೊಸೆಯ ಮಾತು ಕೇಳಿದ್ದೇ ಮಾಲತೀಬಾಯಿ ಮೊಮ್ಮಗನನ್ನು ಕಸಿದುಕೊಂಡರು. "ಇವನ್ನ ನಾ ನೋಡ್ತೀನಿ, ನೀ ಓಡು."

ಫೋನ್ ಮಾಡಬೇಕೆಂಬುದು ಅವಳಿಗೆ ಹೊಳೆಯಲೇ ಇಲ್ಲ. ಬರಿಗಾಲಲ್ಲೇ ಓಡಿದಳು. ಓಣಿಯ ತಿರುವಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಅಡ್ಡ ನಿಂತಿತ್ತು. ಚಾಲಕ ಹಿಂದೆ ಮುಂದೆ ಮಾಡುತ್ತಿದ್ದ. ರಂಜನಾ ಗೋಡೆಗೂ ಟ್ರಾಲಿಗೂ ನಡುವೆ ನುಸುಳಿದಳು. ಕಬ್ಬಿನ ಗರಿ ಮುಖ ಗೀರಿದ್ದು ತಿಳಿಯಲಿಲ್ಲ.

ಜಗದೇವಿ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಇವಳನ್ನು ಕಂಡು ಮುಖವರಳಿಸಿದಳು.

"ಬಾರವ್ವ, ಕುಂದ್ರು. ನಿನ್ನ ಮಿಠಾಯಿ ನಮ್ಮ ಕೂಸಿಗಿ ಭಾಳ ಸೇರ್ಯಾವ ನೋಡು. ಡಬ್ಬಿ ಹಿಡ್ಕೊಂಡು ಒಳಗ ಕುಂತದ. ಆವಾಗಿಂದ ಸಪ್ಪಳೇ ಇಲ್ಲ."

ರಂಜನಾ ಹೊಸ್ತಿಲು ಎಡವಿ ಒಳಗೆ ಬಿದ್ದಳು.

ಕೂಸು ಗೋಡೆಗೆ ಒರಗಿ ಕೂತಿತ್ತು. ಗದ್ದ, ಅಂಗಿ, ಕೈ ಎಲ್ಲ ರಕ್ತದಂತೆ ಕೆಂಪು. ಒಂದು ಕೆನ್ನೆ ಉಬ್ಬಿತ್ತು. ತುಟಿಗಳ ನಡುವೆ ಚುಕ್ಕಿಯ ಒಂದು ಮೂಲೆ ಇಣುಕುತ್ತಿತ್ತು. ರಂಜನಾ ಆ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ತೊಡೆಯ ಮೇಲಿದ್ದ ಡಬ್ಬಿಯನ್ನೂ ಕಿತ್ತುಕೊಂಡಳು. ಕೂಸು ಬಾಯಿ ತೆರೆದು ಅವಳನ್ನೇ ನೋಡಿತು. ಒಂದು ಗಳಿಗೆ ದನಿಯೇ ಇಲ್ಲ. ಆಮೇಲೆ ಅದು ಇಡೀ ಓಣಿಗೆ ಕೇಳುವಂತೆ ಚೀರಿತು.

ಜಗದೇವಿ ಮೊರ ಬಿಟ್ಟು ಒಳಗೆ ಬಂದಳು. "ಇದೇನವ್ವ, ಕೊಟ್ಟಿದ್ದು ಕಸ್ಕೊಂಡು ಕೂಸಿಗಿ ಅಳಸಲತ್ತೀಯಲ್ಲ?"

ರಂಜನಾ ನೆಲದ ಮೇಲೆ ಕೂತಿದ್ದಳು. ಡಬ್ಬಿಯನ್ನು ಎದೆಗೊತ್ತಿಕೊಂಡಿದ್ದಳು.

"ಹೇಳ್ತೀನ್ರಿ," ಅಂದಳು. "ಜರಾ ತಡೀರಿ. ಅಳ್ಲಿ ಬಿಡ್ರಿ, ಇನ್ನೂ ಸ್ವಲ್ಪ ಹೊತ್ತು ಅಳ್ಲಿ."