ದೊರೆಯ ಭಾಷಾಭ್ಯಾಸ

ಮರಿಯನ್ನು ಮನೆಗೆ ತಂದ ದಿನವೇ ಅಮ್ಮ ಮಗಳಿಗೆ ಮಾತು ಕೊಟ್ಟಿದ್ದಳು: “ನಾವೆಲ್ಲಿರ್ತೀವೋ, ದೊರೆನೂ ಅಲ್ಲೇ.” ಆಗ ಅಂಗೈಯಲ್ಲಿ ಹಿಡಿಸುತ್ತಿದ್ದ ನಾಯಿ ಈಗ ಅರ್ಧ ಸೋಫಾ ಆಗಿತ್ತು. ಕೊಟ್ಟ ಮಾತು ಮಾತ್ರ ಹಾಗೇ ಇತ್ತು.

ಆದ್ದರಿಂದಲೇ ಈಗ ಪರದೇಶದ ಬಾಡಿಗೆ ಮನೆಯಲ್ಲಿ, ಇನ್ನೂ ಬಿಚ್ಚದ ಪೆಟ್ಟಿಗೆಗಳ ನಡುವೆ, ಕಟ್ಟಡದ ಮ್ಯಾನೇಜರ್ ಮೂಗು ಹಿಡಿದುಕೊಂಡು ನಿಂತಿದ್ದ. ಅಮ್ಮ ಸೇತುವೆ ಕಟ್ಟುವ ಎಂಜಿನಿಯರ್. ಎರಡು ವರ್ಷದ ಕೆಲಸ. ಅಲ್ಲಿನ ಭಾಷೆ ತಕ್ಕಮಟ್ಟಿಗೆ ಬರುತ್ತಿದ್ದುದು ಅವಳೊಬ್ಬಳಿಗೇ. ಮ್ಯಾನೇಜರ್ ಪಟಪಟ ಅಂದದ್ದನ್ನು ಅವಳು ಮನೆಯವರಿಗೆ ದಾಟಿಸಿದಳು.

“ನಾಯಿ ಇಟ್ಕೋಬಹುದಂತೆ. ಆದ್ರೆ ತಿಂಗಳ ಕೊನೇಲಿ ಪರೀಕ್ಷೆಯಂತೆ.”

“ಯಾರಿಗೆ?” ಅಪ್ಪ ಗಾಬರಿಯಾದ.

“ದೊರೆಗೆ ಕಣ್ರೀ. ಅಂಗಳದಲ್ಲಿ, ಎಲ್ಲರ ಮುಂದೆ. ಕೂತ್ಕೋ ಅಂದ್ರೆ ಕೂರಬೇಕು, ಬಾ ಅಂದ್ರೆ ಬರಬೇಕು, ಸುಮ್ನಿರು ಅಂದ್ರೆ ಸುಮ್ನಿರಬೇಕು. ಹೇಳೋದು ನಾವಲ್ಲ, ನಮ್ಮ ಕೆಳಗಿನ ಮನೆಯವರು. ಗದ್ದಲ ಅನುಭವಿಸೋರು ಅವರೇ ಅಲ್ವಾ? ಅವರ ಮಾತನ್ನ ನಾಯಿ ಕೇಳ್ಬೇಕು. ಅಷ್ಟೇ ಇಲ್ಲಿನ ಕಾನೂನು.”

“ಕೇಳದಿದ್ರೆ?”

“ಊರಾಚೆ ನಾಯಿಗಳ ಹಾಸ್ಟೆಲ್ ಇದೆಯಂತೆ.”

“ಹಾಗಾದ್ರೆ ಅಲ್ಲಿ ನಂಗೂ ಒಂದು ಸೀಟು ಹಿಡೀರಿ,” ಅಂದಳು ಮಗಳು. ಯಾರೂ ನಗಲಿಲ್ಲ. ಅವಳು ಹೇಳಿದ್ದು ಮಾಡುವವಳು.

ಊರಿಗೆ ಮೊದಲು ಒಗ್ಗಿದ್ದು ದೊರೆಯೇ. ಅಮ್ಮ ಎರಡೆರಡು ಸಲ ದಾರಿ ತಪ್ಪಿದಳು. ದೊರೆ ಹಗ್ಗ ಜಗ್ಗಿ ಮನೆಗೆ ಕರೆತಂದಿತು. ಬ್ರೆಡ್ಡಿನಂಗಡಿಯವಳು, ಇಸ್ತ್ರಿ ಅಂಗಡಿಯವನು, ಬಸ್ಸಿನ ಡ್ರೈವರು, ಎಲ್ಲರೂ ಅದಕ್ಕೆ ಕೈಯೆತ್ತುತ್ತಿದ್ದರು. ಹಗ್ಗದ ಈ ತುದಿಯಲ್ಲಿದ್ದವರನ್ನು ಯಾರೂ ಕೇಳುತ್ತಿರಲಿಲ್ಲ. ಒಂದೇ ತೊಂದರೆ: ದೊರೆಗೆ ಬರುತ್ತಿದ್ದುದು ಕನ್ನಡ ಮಾತ್ರ.

“ಅದನ್ನ ನಂಗೆ ಬಿಡಿ,” ಅಂದ ಅಪ್ಪ. ಅವನು ಊರಲ್ಲಿ ಡ್ರಿಲ್ ಮೇಷ್ಟ್ರು. ಸಂಬಳವಿಲ್ಲದ ರಜೆ ಹಾಕಿ ಬಂದವನು. ಮೂರು ಬೀದಿಗೆ ಕೇಳುವ ಗಂಟಲು, ಬಳಸದೆ ತುಕ್ಕು ಹಿಡಿಯುತ್ತಿತ್ತು. ಅವನ ವಿಧಾನ ಸರಳ. ಮೊದಲು ಆ ದೇಶದ ಪದ, ಬೆನ್ನಿಗೇ ಕನ್ನಡದ ಅರ್ಥ. ಹೀಗೆ ಜೋಡಿಜೋಡಿಯಾಗಿ ಕೂಗುತ್ತ ಹೋದರೆ ಕಲ್ಲೂ ಕಲಿತೀತು ಎಂಬುದು ಅವನ ನಂಬಿಕೆ.

ದೊರೆ ಮೊದಲನೆಯ ಪದಕ್ಕೆ ಆಕಳಿಸುತ್ತಿತ್ತು. ಎರಡನೆಯದಕ್ಕೆ ಕೂರುತ್ತಿತ್ತು.

ಮೊದಲ ದಿನವೇ ಕಾಲಡಿಯಿಂದ ಧಡ್ ಧಡ್ ಸದ್ದು. ಕೆಳಗಿನ ಮನೆಯಾಕೆ ಪೊರಕೆಯ ಹಿಡಿಯಿಂದ ತನ್ನ ಮನೆಯ ಸೂರಿಗೆ ಕುಟ್ಟುತ್ತಿದ್ದಳು. ಒಂಟಿ ಮುದುಕಿ, ಬೆತ್ತದಂಥ ಬೆನ್ನು, ನಗುವಿಲ್ಲದ ಮುಖ. ಆ ಸಂಜೆಯೇ ಮನೆಯಲ್ಲಿ ಆಕೆಗೆ ಕುಟ್ಟಮ್ಮ ಎಂದು ನಾಮಕರಣವಾಯಿತು.

“ರೀ, ಮೆಲ್ಲಗೆ. ಪರೀಕ್ಷೆ ಮಾಡೋಳು ಅವಳೇ,” ಅಮ್ಮ ಎಚ್ಚರಿಸಿದಳು.

ಅಪ್ಪ ಮೆಲ್ಲಗೆ ಹೇಳಿದ. ಕುಟ್ಟುವುದು ಜೋರಾಯಿತು. ಪಿಸುಗುಟ್ಟಿದ. ಇನ್ನೂ ಜೋರಾಯಿತು. ಸಿಟ್ಟು ನೆತ್ತಿಗೇರಿ ಪರೇಡಿನ ದನಿಯಲ್ಲಿ ಅರಚಿದ. ಕೆಳಗೆ ಗಪ್‌ಚುಪ್.

“ನೋಡಿದ್ಯಾ? ಹೆದರಿದ್ಲು,” ಎಂದು ಇಲ್ಲದ ಮೀಸೆ ತಿರುವಿದ.

ಒಂದು ಮಧ್ಯಾಹ್ನ ಆಕೆಯೇ ಬಾಗಿಲಿಗೆ ಬಂದಳು. ಅಪ್ಪನ ಬಾಯಿಯತ್ತ ಬೆರಳು ತೋರಿಸಿದಳು, ತನ್ನ ಕಿವಿ ಮುಟ್ಟಿಕೊಂಡಳು, ಏನೋ ಹೇಳಿ ಕಾದಳು. ಅಮ್ಮ ಸೇತುವೆಯ ಮೇಲಿದ್ದಳು. ಅಪ್ಪ ತನಗೆ ತಿಳಿದಂತೆ ಅರ್ಥ ಮಾಡಿಕೊಂಡ: ಬಾಯಿ ಮುಚ್ಚು, ನನ್ನ ಕಿವಿ ತೂತಾಯ್ತು. ಕೈಮುಗಿದು ಬಾಗಿಲು ಹಾಕಿದ.

ಅಂದಿನಿಂದ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಆಕೆಯ ತುಟಿ ಸಣ್ಣಗೆ ಅಲುಗುತ್ತಿತ್ತು.

“ಹಿಡಿಶಾಪ ಹಾಕ್ತಿದಾಳೆ,” ಅಂದ ಅಪ್ಪ.

“ದೊರೆ ಅವರಿಗೆ ಬಾಲ ಆಡಿಸ್ತಪ್ಪಾ.”

“ಅದಕ್ಕೇನು, ಕಳ್ಳ ಬಂದ್ರೂ ಆಡಿಸುತ್ತೆ.”

ಪರೀಕ್ಷೆಯ ಹಿಂದಿನ ದಿನದವರೆಗೂ ದೊರೆ ಪರಭಾಷೆಯ ಒಂದು ಪದಕ್ಕೂ ಕಿವಿ ನಿಮಿರಿಸಲಿಲ್ಲ. ಮಗಳು ಅದರ ತಟ್ಟೆ, ಹೊದಿಕೆಯ ಜೊತೆಗೆ ತನ್ನ ಬಟ್ಟೆಗಳನ್ನೂ ಸದ್ದಿಲ್ಲದೆ ಚೀಲಕ್ಕೆ ತುಂಬಿದಳು. ಅಮ್ಮ ನೋಡಿದಳು.

ಮರುದಿನ ಅಂಗಳದ ಸುತ್ತಲಿನ ಕಿಟಕಿಗಳೆಲ್ಲ ತುಂಬಿದ್ದವು. ಮ್ಯಾನೇಜರ್ ಸೀಟಿ ಊದಿದ. ಹದ ನೋಡಲೆಂದು ತಾನೇ ಮೊದಲು, ತನ್ನ ಭಾಷೆಯಲ್ಲಿ, ಕೂರಲು ಹೇಳಿದ. ದೊರೆ ಅವನ ಬೂಟು ಮೂಸಿತು. ಮತ್ತೆ ಹೇಳಿದ. ಲೇಸು ಬಿಚ್ಚಿತು. ಕಿಟಕಿಗಳು ಕಿಸಕ್ಕೆಂದವು.

“ಹಾಸ್ಟೆಲ್ಲೇ ಗತಿ,” ಅಪ್ಪ ಗೊಣಗಿದ. ಅಮ್ಮ ಮಗಳ ಕೈ ಹಿಡಿದಿದ್ದಳು. ಮುಖ ನೋಡುವ ಧೈರ್ಯವಿರಲಿಲ್ಲ.

ಕುಟ್ಟಮ್ಮ ಮುಂದೆ ಬಂದಳು. ಇಸ್ತ್ರಿ ಮಾಡಿದ ಕೋಟು, ಬಾಚಿ ಕಟ್ಟಿದ ತಲೆ. ಕಾಲು ಜೋಡಿಸಿದಳು, ಎದೆ ಸೆಟೆಸಿದಳು, ಕಟ್ಟಡವೇ ಬೆಚ್ಚುವಂತೆ ಬಾಯಿ ತೆರೆದಳು.

“ದೊರೇ! ಕೂತ್ಕೋ!”

ದೊರೆ ಕೂತಿತು. ಅಪ್ಪನೂ ಕೂರುವುದರಲ್ಲಿದ್ದ.

“ಬಾರೋ ಬಂಗಾರ!”

ದೊರೆ ಹಾರಿ ಹೋಗಿ, ಆಕೆಯ ಭುಜದ ಮೇಲೆ ಕಾಲಿಟ್ಟು, ಖುಷಿ ತಡೆಯಲಾರದೆ ಬೊಗಳತೊಡಗಿತು. ಉಳಿದದ್ದು ಕೊನೆಯ ಪಾಠ. ಕುಟ್ಟಮ್ಮ ಒಂದು ಕ್ಷಣ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಆಮೇಲೆ ಮುಖವೆಲ್ಲ ನಗುವಾಗಿ, ಕಲಿಸಿದ ಮೇಷ್ಟ್ರ ಕಡೆ ಹೆಮ್ಮೆಯಿಂದ ನೋಡುತ್ತ, ಒಂದಕ್ಷರವೂ ತಪ್ಪದಂತೆ ಒಪ್ಪಿಸಿದಳು:

“ಬಾಯ್ಮುಚ್ಚೋ, ಆ ಹಾಳು ಕುಟ್ಟಮ್ಮ ಬಂದ್ಲು!”

ದೊರೆ ಬಾಯಿ ಮುಚ್ಚಿತು. ಅಮ್ಮ ಕೊಟ್ಟ ಮಾತು ಉಳಿಯಿತು.